ಅತ್ತೆಯ ಎದುರು ಸೋತ ಚರ್ಚೆ

ನಾನು ಕೆಲಸ ಮಾಡುವುದು ಗೋಕಾಕದ ಅಂಚಿನಲ್ಲಿರುವ ಒಂದು ತಾಡಪತ್ರಿ, ಅಂದರೆ ಟಾರ್ಪಾಲು, ಹೊಲಿಯುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಒಂಬತ್ತು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ದಪ್ಪ ಕ್ಯಾನ್ವಾಸ್ ಬಟ್ಟೆಯ ಸುರುಳಿಗಳು, ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಕಂಪ್ಯೂಟರ್. ಆ ಮೇಜು ನನ್ನದು. ನಮ್ಮ ಮಾಲಕರ ಅಜ್ಜ ಚಕ್ಕಡಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದರಂತೆ, ಅಪ್ಪ ಲಾರಿಗಳಿಗೆ. ಇವರ ಕಾಲಕ್ಕೆ ಬೇರೊಂದು ಕೆಲಸವೂ ಸೇರಿಕೊಂಡಿತು. ದೂರದ ಊರಿನ ಒಂದು ದೊಡ್ಡ ಕಂಪನಿ ಸೈನ್ಯಕ್ಕೆ ಯಂತ್ರಗಳನ್ನು ಮಾಡಿಕೊಡುತ್ತದೆ. ಆ ಯಂತ್ರಗಳಿಗೆ ಹೊದಿಸುವ ಕವರುಗಳನ್ನು ನಾವು ಹೊಲಿದು ಕಳಿಸುತ್ತೇವೆ. ಒಳಗಿನ ಯಂತ್ರ ಯಾವುದು, ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಗೊತ್ತಿಲ್ಲ. ಅಳತೆಯ ನಕ್ಷೆ ಮೇಲ್‌ನಲ್ಲಿ ಬರುತ್ತದೆ, ನಾನು ಅದನ್ನು ಕಾಗದದ ಮೇಲೆ ತೆಗೆದು ಬಟ್ಟೆ ಕತ್ತರಿಸುವವರ ಕೈಗೆ ಕೊಡುತ್ತೇನೆ.

ನಾನು ಹುಟ್ಟಿದ್ದು ಬೆಲ್ಲದ ಬಾಗೇವಾಡಿಯಲ್ಲಿ, ಕಂಪ್ಯೂಟರ್ ಕಲಿತದ್ದು ಹುಕ್ಕೇರಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ. ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಎಂಟು ವರ್ಷ ಕೀಲಿಮಣೆ ಮುಟ್ಟಲಿಲ್ಲ. ಕೆಲಸಕ್ಕೆ ಹೋಗು ಎಂದು ಹೇಳಿದವರು ನನ್ನ ಅತ್ತೆ. ಕೌಜಲಗಿಯ ಹೆಣ್ಣುಮಗಳು, ಮೂರನೇ ಇಯತ್ತೆಯವರೆಗೆ ಓದಿದವರು, ಹಣೆಗೆ ವಿಭೂತಿ ಹಚ್ಚದೆ ಚಹಾ ಕೂಡ ಕುಡಿಯದವರು. "ಕಲತಿದ್ದನ್ನ ಮೂಲ್ಯಾಗ ಇಟ್ರ ಜಂಗ ಹಿಡಿತೈತಿ" ಎಂದು ಒಂದು ದಿನ ಹೇಳಿದರು. ಮರುದಿನವೇ ನನ್ನ ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ನನಗೆ ಇನ್ನೂ ಕೆಲಸವೇ ಸಿಕ್ಕಿರಲಿಲ್ಲ.

ನಾನು ಕಾರ್ಖಾನೆ ಸೇರಿದ ಮೇಲಿನ ಒಂದು ಬೇಸಿಗೆಯಲ್ಲಿ ಟಿವಿ ತುಂಬ ಒಂದೇ ಸುದ್ದಿ. ಸೈನ್ಯಕ್ಕೆ ಸಾಮಾನು ಮಾಡಿಕೊಡುವ ಕಂಪನಿಗಳ ಕಂಪ್ಯೂಟರಿಗೆ ಯಾರೋ ಕಳ್ಳರು ದೂರದಿಂದಲೇ ನುಗ್ಗುತ್ತಿದ್ದಾರೆ, ನಕ್ಷೆ, ಕಾಗದಪತ್ರ ಒಯ್ಯುತ್ತಿದ್ದಾರೆ ಎಂದು. ಸಂಜೆ ಎಂಟು ಜನ ಕುಳಿತು ವಾದ ಮಾಡುತ್ತಿದ್ದರು. ಇಂಥ ಕಳವಾದರೆ ಕಂಪನಿಯವರು ಜನರಿಗೆ ಹೇಳಬೇಕು ಎಂದು ಕೆಲವರು, ಹೇಳಿದರೆ ಶತ್ರುವಿಗೇ ಅನುಕೂಲ ಎಂದು ಉಳಿದವರು. ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ನೋಡುತ್ತಿದ್ದರು.

"ಎಂಟೂ ಮಂದಿ ಕೂಡೇ ಮಾತಾಡಿದ್ರ ಯಾರದ್ದು ಕೇಳೂದವಾ?" ಎಂದು ಟಿವಿ ಬಂದ್ ಮಾಡಿಸಿದರು.

ಕಾರ್ಖಾನೆಯಲ್ಲೂ ಊಟದ ಹೊತ್ತಿಗೆ ಅದೇ ಮಾತು. ಮಸಗುಪ್ಪಿಯಿಂದ ಬರುವ ನಮ್ಮ ಹೊಲಿಗೆಯ ಅಕ್ಕ ಒಬ್ಬಳು, "ನಾವು ಹೊಲಿಯೂದು ಬರೇ ಅರಿಬಿ. ಅದನ್ನ ಕದ್ದು ಏನ್ ಮಾಡ್ತಾರ್ರಿ ಸಾಹೇಬ್ರ?" ಎಂದು ಕೇಳಿದಳು. ಮಾಲಕರು ಅವಳತ್ತ ತಿರುಗಿದರು.

"ಕೂಸಿನ ಕುಂಚಿಗಿ ಹೊಲೀತಿ ಹೌದಿಲ್ಲೋ? ಕುಂಚಿಗಿ ನೋಡಿದ್ರ ತಲಿ ಎಷ್ಟ ಐತಿ ಅನ್ನೂದು ಗೊತ್ತಾಗತೈತಿ. ಹಂಗ ನಮ್ಮ ಕವರಿನ ಅಳತಿ ಸಿಕ್ರ ಒಳಗಿನ ಯಂತ್ರದ ಅಳತಿ ಸಿಕ್ಕಂಗ."

ಆ ಅಕ್ಕ ರೊಟ್ಟಿ ಬೇಗ ಮುಗಿಸಿ ತನ್ನ ಯಂತ್ರದ ಮುಂದೆ ಹೋಗಿ ಕುಳಿತಳು. ಅಂದು ಮಧ್ಯಾಹ್ನ ನಮ್ಮ ಶೆಡ್ಡಿನಲ್ಲಿ ಎಲ್ಲರ ಹೊಲಿಗೆಯೂ ಒಂದು ಗೆರೆ ನೆಟ್ಟಗಾಗಿತ್ತು ಎಂದು ನನಗೆ ಅನ್ನಿಸಿತು.

ಇದಾಗಿ ಹದಿನೈದು ದಿನ ಕಳೆದಿರಬೇಕು. ಒಂದು ಮುಂಜಾನೆ ಕಂಪನಿಯಿಂದ ಮೇಲ್ ಬಂತು. ಹೆಸರು ಅದೇ, ಗುರುತಿನ ಚಿತ್ರ ಅದೇ. ಹೊಸ ನಕ್ಷೆ ಇದೆ, ನೋಡಬೇಕಾದರೆ ನಿಮ್ಮ ಪಾಸ್‌ವರ್ಡ್ ಇನ್ನೊಮ್ಮೆ ಹಾಕಿ ಎಂದಿತ್ತು. ಹಾಕಿದೆ. ಪರದೆ ಬೆಳ್ಳಗಾಯಿತು. ನಕ್ಷೆ ಬರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಬೆಳ್ಳಗಾಯಿತು. ಮೇಲ್ ಕಳಿಸಿದವರ ವಿಳಾಸವನ್ನು ಒಂದೊಂದೇ ಅಕ್ಷರ ಓದಿದೆ. ಕಂಪನಿಯ ಹೆಸರಿನ ನಡುವೆ ಒಂದು ಅಕ್ಷರ ಹೆಚ್ಚಿಗೆ ಇತ್ತು.

ಕಂಪನಿಯಲ್ಲಿ ನಮ್ಮ ಕೆಲಸ ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ, ನಮ್ಮ ಕಡೆಯವರೇ. ಅವರಿಗೆ ಫೋನ್ ಮಾಡಿದೆ.

"ನಾವು ಇವತ್ತ ಏನೂ ಕಳಿಸಿಲ್ಲ" ಎಂದರು. "ಮೊದಲ ಇಂಟರ್ನೆಟ್ ವೈರ್ ಕೀಳ್ರಿ. ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ, ಮುಟ್ಟಬ್ಯಾಡ್ರಿ. ಬರೇ ವೈರ್ ಕಿತ್ತು ದೂರ ಕುಂಡರ್ರಿ."

ಕಿತ್ತೆ. ಮಾಲಕರು ಅಂಗಳದಲ್ಲಿ ಲಾರಿಗೆ ಮಾಲು ಹೇರಿಸುತ್ತಿದ್ದರು. ಹೋಗಿ ನಿಂತೆ. ಹೇಳುವ ಮೊದಲು ಒಂದು ಗಳಿಗೆ ಮನಸ್ಸು ಬೇರೆ ದಾರಿ ಹಿಡಿದದ್ದು ಸುಳ್ಳಲ್ಲ. ಕಂಪ್ಯೂಟರ್ ತಾನೇ ಕೆಟ್ಟಿತು ಎನ್ನಬಹುದಿತ್ತು. ಮೇಲ್ ಅಳಿಸಬಹುದಿತ್ತು. ಆದರೆ ಮೇಡಂಗೆ ಆಗಲೇ ಹೇಳಿಬಿಟ್ಟಿದ್ದೆ, ಬಾಯಿ ತನ್ನಷ್ಟಕ್ಕೇ ತೆರೆಯಿತು.

"ಸಾಹೇಬ್ರ, ನನ್ನಿಂದ ತಪ್ಪಾಗೇತ್ರಿ. ಕಳ್ಳರ ಮೇಲಿಗೆ ನಾ ಪಾಸ್‌ವರ್ಡ್ ಕೊಟ್ಟೇನ್ರಿ."

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ, "ಚಾ ಕುಡದೀಯೇನು ತಂಗೀ?" ಎಂದು ಕೇಳಿದರು. ಇಲ್ಲ ಎಂದೆ. "ಮೊದಲ ಚಾ ಕುಡಿ. ಆಮ್ಯಾಲೆ ಒಳಗ ಎಲ್ಲಾರಿಗೂ ಏನಾತಂತ ನೀನs ಹೇಳು. ಅವರ ಫೋನಿಗೂ ಬರಬಹುದು."

ಒಂಬತ್ತು ಯಂತ್ರಗಳು ನಿಂತವು. ಹೇಳಿದೆ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಮಸಗುಪ್ಪಿಯ ಅಕ್ಕ ಮಾತ್ರ ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟಳು.

ಎರಡು ದಿನದಲ್ಲಿ ಕಂಪನಿಯಿಂದ ಇಬ್ಬರು ಬಂದು ಕಂಪ್ಯೂಟರ್ ಪರೀಕ್ಷಿಸಿದರು. ನಮ್ಮ ಹಳೆಯ ಮೇಲುಗಳನ್ನು ಕಳ್ಳರು ತೆರೆಯುವ ಮೊದಲೇ ಅತ್ತ ಕಂಪನಿಯಲ್ಲಿ ಮೇಡಂ ನನ್ನ ಪಾಸ್‌ವರ್ಡ್ ರದ್ದು ಮಾಡಿಸಿ ಬಾಗಿಲು ಹಾಕಿಸಿದ್ದರು. ಏನೂ ಹೋಗಿರಲಿಲ್ಲ. "ಒಂದು ತಾಸು ತಡ ಮಾಡಿ ಹೇಳಿದ್ದರೆ ಹೋಗುತ್ತಿತ್ತು" ಎಂದು ಬಂದವರಲ್ಲಿ ಒಬ್ಬರು ಹೇಳಿದರು. ಕೆಲವು ವಾರ ಕಂಪನಿಯ ಕವರಿನ ಕೆಲಸ ನಿಂತಿತು. ನಾವು ಕಬ್ಬಿನ ಲಾರಿಗಳ ತಾಡಪತ್ರಿ ಹೊಲಿದೆವು. ಆಮೇಲೆ ಮತ್ತೆ ನಕ್ಷೆಗಳು ಬರತೊಡಗಿದವು, ಈ ಸಲ ಪ್ರತಿ ನಕ್ಷೆಯ ಹಿಂದೆ ಮೇಡಂ ಅವರ ಫೋನ್ ಕೂಡ.

ಮೂಡಲಗಿಯ ಒಂದು ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಸಾರ್ವಜನಿಕ ಚರ್ಚಾಕೂಟ ನಡೆಸುತ್ತಾರೆ. ಊರವರು ಯಾರು ಬೇಕಾದರೂ ಮಾತಾಡಬಹುದು. ಆ ವರ್ಷದ ವಿಷಯ ಟಿವಿಯದೇ: ರಕ್ಷಣಾ ಸಾಮಗ್ರಿ ಮಾಡುವವರ ಮೇಲೆ ಸೈಬರ್ ದಾಳಿಯಾದರೆ ಅದನ್ನು ಜನರಿಗೆ ತಿಳಿಸಬೇಕೇ, ಬೇಡವೇ? ನಮ್ಮ ಮಾಲಕರ ಪರಿಚಯದ ಅಧ್ಯಾಪಕರೊಬ್ಬರು, ನಿಮ್ಮ ಕಾರ್ಖಾನೆಯಿಂದ ಒಬ್ಬರು ಬರಲಿ ಎಂದು ಕೇಳಿದರು. ಮಾಲಕರು ನನ್ನತ್ತ ಕೈ ತೋರಿಸಿದರು.

ನಾನು ಮೇಡಂಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. "ಕಂಪನಿ ಹೆಸರು ಬ್ಯಾಡ, ಮಾಲಿನ ಮಾತು ಬ್ಯಾಡ. ಉಳಿದದ್ದು ಧೈರ್ಯದಿಂದ ಮಾತಾಡ್ರಿ" ಎಂದರು. ತಿಳಿಸಬೇಕು ಎಂಬ ಪಕ್ಷದಲ್ಲಿ ನಿಲ್ಲಬೇಕೆಂದು ನಾನು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ನಾಲ್ಕು ದಿನ ಮೊದಲು ಅಧ್ಯಾಪಕರು, ಯಾರಿಗೆ ಯಾವ ಪಕ್ಷ ಎಂದು ಚೀಟಿ ಎತ್ತಿಸಿ ಫೋನ್ ಮಾಡಿದರು. ನನಗೆ ಬಂದದ್ದು ತಿಳಿಸಬಾರದು ಎಂಬ ಪಕ್ಷ.

"ಇದ ಹೆಂಗ್ರಿ ಸಾಹೇಬ್ರ? ಹೇಳಿದಾಕಿನs ನಾನು. ಈಗ ಹೇಳಬಾರದು ಅಂತ ಭಾಷಣ ಮಾಡ್ಲೇನು?" ಎಂದು ಮಾಲಕರನ್ನು ಕೇಳಿದೆ.

ಮಾಲಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಲ್ಯಾಗ ಮಾಸ್ತರು ಯಾವ ವಿಷಯ ಕೊಡ್ತಿದ್ರೋ ಅದನ್ನ ಬರೀತಿದ್ದಿಲ್ಲೇನು? ಹಂಗs ಇದೂ."

ಆ ನಾಲ್ಕು ದಿನ ನನ್ನ ಅಡುಗೆಮನೆ ಸಭಾಮಂಟಪವಾಯಿತು. ನಾನು ರೊಟ್ಟಿ ಬಡಿಯುತ್ತ ಭಾಷಣ ಮಾಡುತ್ತಿದ್ದೆ. ಅತ್ತೆ ಒಲೆಯ ಬಾಜೂ ಕುಳಿತು ಕೇಳುತ್ತಿದ್ದರು. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರು ಬಾಗಿಲಲ್ಲಿ ನಿಂತು ಕೈಗಡಿಯಾರ ಹಿಡಿದು, ಚರ್ಚೆಯಲ್ಲಿ ಒಬ್ಬೊಬ್ಬರಿಗೆ ಕೊಟ್ಟಿದ್ದ ಆರು ನಿಮಿಷ ಎಣಿಸುತ್ತಿದ್ದರು. ನಾನು ಹೇಳಿದೆ: ಕಳ್ಳನಿಗೆ ತಾನು ಒಯ್ದದ್ದರ ಬೆಲೆ ಗೊತ್ತಿರುವುದಿಲ್ಲ, ನಾವು ಬೊಬ್ಬೆ ಹೊಡೆದರೆ ಗೊತ್ತಾಗುತ್ತದೆ. ನಾನು ಹೇಳಿದೆ: ಗಡಿಯಲ್ಲಿರುವ ಮಕ್ಕಳ ತಾಯಂದಿರು ಸುದ್ದಿ ಕೇಳಿ ಎದೆ ಹಿಡಿದುಕೊಳ್ಳುತ್ತಾರೆ. ನಾನು ಹೇಳಿದೆ: ನಮ್ಮಂಥ ಸಣ್ಣ ಕಾರ್ಖಾನೆಯ ಹೆಸರು ಒಮ್ಮೆ ಕೆಟ್ಟರೆ ಮತ್ತೆ ಕೆಲಸ ಕೊಡುವವರಿಲ್ಲ.

"ರೊಟ್ಟಿ ಸೀದೀತು, ತಿರುವಿ ಹಾಕು" ಎನ್ನುತ್ತಿದ್ದರು ಅತ್ತೆ. ಅದಕ್ಕಿಂತ ಹೆಚ್ಚು ಒಂದು ಮಾತೂ ಇಲ್ಲ. ಭಾಷಣ ಹೇಗಿದೆ ಎಂದು ಕೇಳಿದರೆ, "ಛಲೋ ಐತಿ" ಎಂದು ಸೆರಗು ಕೊಡವಿಕೊಂಡು ಏಳುತ್ತಿದ್ದರು. ನಾನು ಅದನ್ನು ನಂಬಿದೆ.

ಚರ್ಚೆಯ ದಿನ ಮಾಲಕರು ಕಾರ್ಖಾನೆಗೆ ರಜೆ ಕೊಟ್ಟು ತಮ್ಮ ಟೆಂಪೋದಲ್ಲೇ ಎಲ್ಲರನ್ನೂ ಹೇರಿಸಿದರು. ಮೇಲೆ ಹೊಸ ತಾಡಪತ್ರಿಯ ನೆರಳು, ಕೆಳಗೆ ಜಮಖಾನೆ. ಹೆಂಗಸರೆಲ್ಲ ಮದುವೆಗೆ ಹೊರಟವರಂತೆ ಇಳಕಲ್ ಸೀರೆ ಉಟ್ಟಿದ್ದರು. ಮಸಗುಪ್ಪಿಯ ಅಕ್ಕ ಬುಟ್ಟಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಹಿಂಡಿ ತಂದಿದ್ದಳು. ಅತ್ತೆ ಮುಂದೆ ಮಾಲಕರ ಬಾಜೂ ಕುಳಿತರು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದ್ದು ಎಮ್ಮೆಗಳ ಬಗ್ಗೆ. ನಾನು ಹಿಂದೆ ಕುಳಿತು ತುಟಿ ಅಲ್ಲಾಡಿಸುತ್ತ ನನ್ನ ಆರು ನಿಮಿಷಗಳನ್ನು ನನಗೆ ನಾನೇ ಒಪ್ಪಿಸುತ್ತಿದ್ದೆ. ಗಾಳಿಗೆ ಕಾಗದ ಹಾರಿಹೋದಾಗ ಇಡೀ ಟೆಂಪೋ ನಿಂತು, ನಾಲ್ಕು ಜನ ಇಳಿದು ಗೋವಿನಜೋಳದ ಹೊಲದಲ್ಲಿ ಅದನ್ನು ಹುಡುಕಿ ತಂದರು.

ಕಾಲೇಜಿನ ಸಭಾಂಗಣ ತುಂಬಿತ್ತು. ವಿದ್ಯಾರ್ಥಿಗಳು, ಹೊಲದಿಂದ ನೇರ ಬಂದವರು, ನಿವೃತ್ತ ಸೈನಿಕರ ಒಂದು ಸಾಲು. ವೇದಿಕೆಯ ಮೇಲೆ ಮುಖ್ಯ ಅತಿಥಿಯ ಕುರ್ಚಿ ಖಾಲಿ ಇತ್ತು. ಅವರ ಗಾಡಿ ಎಲ್ಲೋ ಕೆಟ್ಟು ನಿಂತಿದೆ ಎಂದರು. ಎದುರು ಪಕ್ಷದಲ್ಲಿ ಮಾತಾಡುವವರು ಹುಕ್ಕೇರಿಯ ನಿವೃತ್ತ ಸುಬೇದಾರರು. ಎತ್ತರದ ಆಳು, ಬಿಳಿ ಮೀಸೆ. ನಾನು ಕಾಗದವನ್ನು ಮತ್ತೆ ಮತ್ತೆ ಮಡಚಿ ಬಿಚ್ಚುವುದನ್ನು ನೋಡಿ ಹತ್ತಿರ ಬಂದರು.

"ಅಂಜಬ್ಯಾಡ ತಂಗೆವ್ವಾ. ಗುಂಡಿಗೆ ಅಂಜದಾವ ನಾನೂ ಮೈಕಿಗೆ ಅಂಜತೀನಿ" ಎಂದರು.

ಮೊದಲು ಅವರು ಮಾತಾಡಿದರು. ಭಾಷಣ ಅನ್ನಿಸಲೇ ಇಲ್ಲ. ಪಹರೆಯಲ್ಲಿ ಒಬ್ಬ ಜವಾನ ತೂಕಡಿಸಿದ, ಎಚ್ಚರವಾದಾಗ ಬೇಲಿ ಕತ್ತರಿಸಿದ್ದು ಕಂಡಿತು ಅಂತ ಇಟ್ಟುಕೊಳ್ಳಿ ಎಂದರು. ಹೆದರಿಕೆಯಿಂದ ಅವನು ಹೇಳದಿದ್ದರೆ ಒಳಗೆ ಮಲಗಿದವರ ಗತಿ ಏನು? ತೂಕಡಿಸಿದ್ದಕ್ಕೆ ಒಂದು ಶಿಕ್ಷೆ ಇದೆ, ಹೇಳದಿದ್ದಕ್ಕೆ ಹತ್ತು ಇರಬೇಕು. ಸಭೆ ಚಪ್ಪಾಳೆ ತಟ್ಟಿತು. ನಾನೂ ಮರೆತು ತಟ್ಟಿದೆ. ನಿರೂಪಕರು ನನ್ನತ್ತ ನೋಡಿ ನಕ್ಕರು.

ಆಮೇಲೆ ನನ್ನ ಸರದಿ. ಮೊದಲ ಎರಡು ವಾಕ್ಯ ಕಾಗದ ನೋಡಿ ಓದಿದೆ, ಮೂರನೆಯದಕ್ಕೆ ತಲೆ ಎತ್ತಿದೆ. ಕಳ್ಳನಿಗೆ ಬೆಲೆ ಹೇಳಿಕೊಡಬೇಡಿ ಎಂದಾಗ ಹಿಂದಿನ ಸಾಲಿನಿಂದ ಹೌದು ಹೌದು ಎಂಬ ಮಾತು ಕೇಳಿತು. ತಾಯಂದಿರ ಮಾತಿಗೆ ಸೈನಿಕರ ಸಾಲು ಕೂಡ ತಲೆದೂಗಿತು. ಸಣ್ಣ ಕಾರ್ಖಾನೆಯ ಮಾತು ಬಂದಾಗ ನನಗೇ ನನ್ನ ಮಾತು ನಿಜ ಅನ್ನಿಸಿತು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಕುರ್ಚಿಗೆ ಬಂದು ಕುಳಿತಾಗ ಗೆದ್ದೆ ಎಂದೇ ಅಂದುಕೊಂಡೆ.

ನಿರೂಪಕರು ಸಭಿಕರಲ್ಲಿ ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ಮೂರನೇ ಸಾಲಿನಲ್ಲಿ ಇಳಕಲ್ ಸೀರೆಯ ಕೆಂಪು ಸೆರಗೊಂದು ಎದ್ದು ನಿಂತಿತು. ನನ್ನ ಅತ್ತೆ.

"ನಂದ ಪ್ರಶ್ನಿ ಅಲ್ರಿ, ಒಂದ ಮಾತ ಐತ್ರಿ" ಎಂದರು. ಮೈಕ್ ಕೊಡಲು ಬಂದವರನ್ನು, "ನನ್ನ ದನಿ ಸಾಕು" ಎಂದು ಹಿಂದೆ ಕಳಿಸಿದರು.

"ನಾ ಸಣ್ಣಾಕಿ ಇದ್ದಾಗ ಕೌಜಲಗ್ಯಾಗ ನಮ್ಮ ಅಪ್ಪನ ಎಮ್ಮಿ ಕಳುವಾತ್ರಿ. ಹಾಲ ಕೊಡೂ ಎಮ್ಮಿ. ನಮ್ಮ ಅಪ್ಪ ಊರಾಗ ದೊಡ್ಡ ಮನಶಾ. ನನ್ನ ಕೊಟ್ಟಗಿಗೆ ಕಳ್ಳ ಹೊಕ್ಕ ಅಂತ ಹೇಳಾಕ ನಾಚಿಕಿ ಆತು. ಎಮ್ಮಿ ಬೀಗರ ಊರಿಗೆ ಕೊಟ್ಟೇವಿ ಅಂತ ಹೇಳಿದಾ. ಮುಂದಿನ ಅಮಾಸಿಗೆ ಬಾಜೂ ಮನಿದು ಹೋತು. ಅವರೂ ಹೇಳಲಿಲ್ಲ. ಅದರ ಮುಂದ ನಮ್ಮ ಕಾಕಾಂದು, ಜೋಡ ಎಮ್ಮಿ. ಕಾಕಾ ಮಾತ್ರ ನಡು ಊರಾಗ ನಿಂತು ಒದರಿದಾ. ಆವಾಗ ಗೊತ್ತಾತ್ರಿ, ಕಾಕಾಂದು ಬಿಟ್ಟು ಏಳು ಮನ್ಯಾಗ ಹೋಗಿದ್ದುವು. ಏಳೂ ಮಂದಿ ಬೀಗರ ಊರಿಗೆ ಕೊಟ್ಟಿದ್ರು."

ಸಭೆ ನಗುವಿನಲ್ಲಿ ಮುಳುಗಿತು. ಅತ್ತೆ ನಗಲಿಲ್ಲ, ಕಾಯ್ದರು.

"ಅವತ್ತಿಂದ ಓಣಿಗೆ ಒಬ್ಬರಂತ ಕಾಯಾಕ ಹತ್ತಿದ್ರು. ಮತ್ತ ಒಂದೂ ಹೋಗಲಿಲ್ಲ. ಈಗ ನನ್ನ ಸೊಸಿ ಛಲೋ ಮಾತಾಡಿದಳು. ಆದರ ಆಕಿ ಮಾತಾಡಿದ್ದು ಆಕಿ ಮಾತಲ್ರಿ, ಚೀಟ್ಯಾಗ ಬಂದಿದ್ದು. ಆಕಿನs ಒಂದ ದಿನ ತಪ್ಪ ಮಾಡಿ, ಮರಿ ಮಾಡದs ಎಲ್ಲಾರಿಗೂ ಹೇಳಿದಾಕಿ. ನಾ ಅವತ್ತs ಅಂದ್ಕೊಂಡ್ನಿ, ಈಕಿ ನಮ್ಮ ಅಪ್ಪಗಿಂತ ಗಟ್ಟಿ ಅಂತ."

ಇಡೀ ಸಭಾಂಗಣ ನನ್ನನ್ನು ನೋಡುತ್ತಿತ್ತು. ನಮ್ಮ ಮಾಲಕರು ಎಲ್ಲಿದ್ದಾರೆ ಎಂದು ಹುಡುಕಿದೆ. ಅವರು ಕೈಗಳನ್ನು ಮಡಿಲಲ್ಲಿಟ್ಟು ನೆಲ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ, ನನ್ನತ್ತ ನೋಡಿ, ಹೂಂ ಎಂಬಂತೆ ಕತ್ತು ಆಡಿಸಿದರು.

ನಿರೂಪಕರು ಉತ್ತರ ಕೊಡುತ್ತೀರಾ ಎಂದು ಕೇಳಿದರು. ಎದ್ದೆ. ಕಾಗದ ಕುರ್ಚಿಯ ಮೇಲೆಯೇ ಬಿಟ್ಟೆ.

"ನಮ್ಮ ಅತ್ತಿಯವರು ಹೇಳಿದ್ದು ಖರೆ ಐತ್ರಿ. ಮೋಸದ ಮೇಲ್ ನಂಬಿದಾಕಿ ನಾನs. ಹೇಳಿದ್ದಕ್ಕs ಉಳೀತು" ಎಂದೆ. ಆದರೆ ಚೀಟಿಯ ಋಣವೂ ಒಂದಿತ್ತಲ್ಲ. "ಆದ್ರೂ ಒಂದ ಮಾತ. ಎಮ್ಮಿ ಕಳುವಾತು ಅಂತ ಊರಿಗೆ ಹೇಳಬೇಕು, ಒಪ್ಪತೇನಿ. ನಮ್ಮ ಕೊಟ್ಟಗಿ ಗ್ವಾಡಿ ಎಲ್ಲಿ ಸಡ್ಲ ಐತಿ ಅನ್ನೂದನ್ನ ಕಟ್ಟಿ ಮುಗಿಸೂತನಾ ಹೇಳಬಾರದ್ರಿ."

ಸುಬೇದಾರರು ಮೊದಲಿಗರಾಗಿ ಚಪ್ಪಾಳೆ ತಟ್ಟಿದರು. ಇನ್ನು ಮುಗಿಯಿತು ಎಂದು ನಾನು ಕೂರುವಷ್ಟರಲ್ಲಿ ಮೂರನೇ ಸಾಲಿನಿಂದ ಮತ್ತೆ ಅದೇ ದನಿ ಬಂತು.

"ಕಳ್ಳ ಗ್ವಾಡಿ ಹೆಂಗ ಒಡದಾ ಅಂತ ಬಾಜೂದವರಿಗೆ ಹೇಳದಿದ್ರ, ಅವರು ತಮ್ಮ ಗ್ವಾಡಿ ಎಲ್ಲಿ ತಟ್ಟಿ ನೋಡ್ಕೋಬೇಕವಾ?"

ಎರಡೂ ಕೈ ಮುಗಿದು ಕುಳಿತೆ. ಆಗ ಸಭೆಯಲ್ಲಿ ಎದ್ದ ನಗು, ಶಿಳ್ಳೆ ಇನ್ನೂ ನೆನಪಿದೆ. ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ಅಷ್ಟು ಜನರ ಮುಂದೆ ಸೋತು ಅಷ್ಟು ಹಗುರಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಮೊದಲ ಬಹುಮಾನ ಸುಬೇದಾರರಿಗೆ, ಎರಡನೆಯದು ನನಗೆ. ಮುಖ್ಯ ಅತಿಥಿ ಕೊನೆಗೂ ಬರಲಿಲ್ಲ. ಅವರಿಗಾಗಿ ತಂದ ಶಾಲು, ಹಾರ, ತೆಂಗಿನಕಾಯಿ ತಾಟಿನಲ್ಲಿ ಹಾಗೇ ಇದ್ದವು. ಅಧ್ಯಾಪಕರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡು ಅತ್ತೆಯನ್ನು ವೇದಿಕೆಗೆ ಕರೆದರು. ಅವರು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸೆರಗು ತಲೆ ಮೇಲೆ ಎಳೆದುಕೊಂಡು ಹತ್ತಿದರು. ಶಾಲು ಹೊದಿಸಿದಾಗ ಅದರ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಹೊಲಿಗೆ ಹೇಗಿದೆ ಎಂದು ಪರೀಕ್ಷಿಸಿದ್ದು ಎಂದು ಆಮೇಲೆ ಹೇಳಿದರು.

ನಾವು ಹೊರಗೆ ಬಂದು ಬೇವಿನ ಮರದ ಕೆಳಗೆ ರೊಟ್ಟಿ ಬುಟ್ಟಿ ಬಿಚ್ಚುವಾಗ ಒಬ್ಬರು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಮಾಲಕರು ಊಟಕ್ಕೆ ಕರೆದರು. ಅವರು ಹುಕ್ಕೇರಿ ಕಡೆಯವರು, ಅದೇ ಕಂಪನಿಯ ಯಂತ್ರಗಳನ್ನು ಇಟ್ಟು ಕಳಿಸುವ ಕಟ್ಟಿಗೆ ಪೆಟ್ಟಿಗೆ ಮಾಡುವವರು. ರೊಟ್ಟಿ ಕೈಯಲ್ಲಿ ಹಿಡಿದರೂ ಬಾಯಿಗೆ ಹಾಕಲಿಲ್ಲ.

"ಅಕ್ಕಾರ, ನಮಗೂ ಒಂದ ಮೇಲ್ ಬಂದೈತ್ರಿ, ನಿನ್ನಿ ಸಂಜೀಕ" ಎಂದು ನನಗೆ ಹೇಳಿದರು. "ಪಾಸ್‌ವರ್ಡ್ ಹಾಕ್ರಿ ಅಂತೈತಿ. ನಾಳೆ ಹಾಕೂನು ಅಂತ ಬಿಟ್ಟೇನ್ರಿ."

ಅವರ ಫೋನಿನಲ್ಲಿ ಮೇಲ್ ತೋರಿಸಿದರು. ನಾನು ವಿಳಾಸವನ್ನು ಒಂದೊಂದೇ ಅಕ್ಷರ ಓದಿದೆ. ನನಗೆ ಬಂದಿದ್ದ ಅದೇ ಹೆಸರು, ನಡುವೆ ಅದೇ ಹೆಚ್ಚಿನ ಅಕ್ಷರ. ಅಲ್ಲಿಯೇ ನಿಂತು ಮೇಡಂಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ. ಅವರು ಹೂಂ ಹೂಂ ಎನ್ನುತ್ತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಫೋನ್ ಮರಳಿ ಕೊಟ್ಟು ಬಂದು ಕುಳಿತಾಗ ಅವರ ಮುಖ ನೋಡಬೇಕಿತ್ತು. ನಾಲ್ಕು ರೊಟ್ಟಿ ತಿಂದರು. ಸುಬೇದಾರರೂ ತಟ್ಟೆ ಹಿಡಿದು ಬಂದು ಜಮಖಾನೆಯ ಅಂಚಿಗೆ ಕುಳಿತರು. ಅತ್ತೆ ಅವರಿಗೆ ಹಿಂಡಿಯ ಮೇಲೆ ಎಣ್ಣೆ ಬಡಿಸುತ್ತ, ನಿಮ್ಮ ಮಾತಿನಲ್ಲಿ ಎಮ್ಮೆ ಇರಲಿಲ್ಲ, ಅದೊಂದೇ ಕಡಿಮೆ ಎಂದರು.

ಅಲ್ಲಿ ಕುಳಿತಿದ್ದಾಗಲೇ ಒಂದು ಕೆಲಸ ಆಯಿತು. ಪೆಟ್ಟಿಗೆಯವರು, ನಮ್ಮ ಮಾಲಕರು, ಇಂಥದೇ ಸಣ್ಣ ಕೆಲಸ ಮಾಡುವ ಇನ್ನಿಬ್ಬರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿದರು. ಯಾರಿಗೆ ಅನುಮಾನದ ಮೇಲ್ ಬಂದರೂ ತಕ್ಷಣ ಅಲ್ಲಿ ಹಾಕುವುದು. ಗುಂಪಿಗೆ ಹೆಸರೇನು ಎಂದಾಗ ಮಸಗುಪ್ಪಿಯ ಅಕ್ಕ, "ತಡೀರಿ ನೋಡೂನು" ಎಂದಳು. ಅವಳು ಯೋಚಿಸಲು ಸಮಯ ಕೇಳಿದ್ದು. ಮಾಲಕರು ಅದನ್ನೇ ಹೆಸರಾಗಿ ಬರೆದುಬಿಟ್ಟರು.

ಈಗ ಆ ಗುಂಪಿನಲ್ಲಿ ಹುಕ್ಕೇರಿ, ಮೂಡಲಗಿ, ಗೋಕಾಕದ ಬಹಳ ಜನ ಇದ್ದಾರೆ. ವಾರಕ್ಕೆ ಒಂದೆರಡು ಮೋಸದ ಮೇಲುಗಳಾದರೂ ಅಲ್ಲಿಗೆ ಬರುತ್ತವೆ. ಯಾರೂ ನಾಚಿಕೊಳ್ಳುವುದಿಲ್ಲ. ಒಬ್ಬರು ಹಾಕಿದ ಕೂಡಲೇ ಉಳಿದವರು ತಮಗೆ ಬಂದ ಮೇಲ್‌ಗಳನ್ನು ತೆರೆದು ನೋಡುತ್ತಾರೆ. ಕಂಪನಿಯ ಮೇಡಂ ಕಳೆದ ತಿಂಗಳು ನಮ್ಮ ಶೆಡ್ಡಿಗೆ ಬಂದಿದ್ದರು. ಕವರುಗಳನ್ನು ನೋಡಿ, ಚಹಾ ಕುಡಿದು, ಸಣ್ಣ ಕಾರ್ಖಾನೆಗಳವರ ಸಭೆ ಒಂದನ್ನು ಕರೆಯುತ್ತಿದ್ದೇವೆ, ನಿಮ್ಮ ಅತ್ತೆ ಬಂದು ಹತ್ತು ನಿಮಿಷ ಮಾತಾಡಬಹುದೇ ಎಂದು ಕೇಳಿದರು.

ಸಂಜೆ ಮನೆಗೆ ಬಂದು ಹೇಳಿದೆ. ಅತ್ತೆ ಹಿತ್ತಲಲ್ಲಿ ಮೆಣಸಿನಕಾಯಿ ಒಣಹಾಕಿದ್ದನ್ನು ಬಾಚಿ ಬುಟ್ಟಿಗೆ ತುಂಬುತ್ತಿದ್ದರು.

"ಹತ್ತ ನಿಮಿಷ ಸಾಲಂಗಿಲ್ಲ" ಎಂದರು. "ಹದಿನೈದು ಕೇಳು. ನೀನೂ ಬಾ, ಕಂಪ್ಯೂಟರಿಂದು ನೀ ಹೇಳು, ಉಳಿದಿದ್ದು ನಾ ನೋಡ್ಕೋತೇನಿ."

ಬುಟ್ಟಿಯ ಒಂದು ಬದಿ ನಾನು ಹಿಡಿದೆ, ಇನ್ನೊಂದು ಬದಿ ಅವರು. ಇಬ್ಬರೂ ಸೀನುತ್ತ ಒಳಗೆ ಹೋದೆವು.